ಹನ್ನೊಂದು ಚಾಕು, ಒಂದು ಹಗ್ಗ

ಕಳೆದ ಶನಿವಾರ ಉಣಕಲ್ಲಿನ ಕೆರೆಯ ದಂಡೆಯಲ್ಲಿ ನನ್ನ ಮಾನ ಹೋಯಿತು. ಕಳೆದವನು ನಾನೇ, ಯಾರನ್ನೂ ದೂರುವಂತಿಲ್ಲ.

ಈ ಅಂಕಣ ಓದುವವರಿಗೆ ಈ ಮಾಸ್ತರನ ಹುಚ್ಚು ಗೊತ್ತೇ ಇದೆ. ಮಡಿಚುವ ಚಾಕುಗಳ ಹುಚ್ಚು. ಒಟ್ಟು ಹನ್ನೊಂದಿವೆ. ಬಿಸ್ಕೀಟಿನ ಡಬ್ಬಿಯಲ್ಲಿ ಮೆತ್ತನೆಯ ಬಟ್ಟೆ ಹಾಸಿ ಮಲಗಿಸಿದ್ದೇನೆ. ಪ್ರತಿ ರವಿವಾರ ಹೊಲಿಗೆ ಯಂತ್ರದ ಎಣ್ಣೆ ಸವರುತ್ತೇನೆ. (ಹೊಲಿಗೆ ಯಂತ್ರಕ್ಕೇ ಎಣ್ಣೆ ಉಳಿಯುವುದಿಲ್ಲ ಎಂದು ಹೆಂಡತಿಯ ತಕರಾರು.) ಇಷ್ಟೆಲ್ಲ ಯಾಕೆ ಎಂದು ಕೇಳಿದವರಿಗೆ ನನ್ನ ಉತ್ತರ ಒಂದೇ: "ವ್ಯಾಳ್ಯಾಕ್ಕ ಬೇಕಾಗ್ತಾವ."

ಆ ವೇಳೆ ಶನಿವಾರ ಬಂತು.

ಹೊಸ ಜರ್ಮನ್ ಚಾಕು ಕಿಸೆಯಲ್ಲಿತ್ತು. ಎರಡು ಬ್ಲೇಡು, ಒಂದು ಕತ್ತರಿ, ಒಂದು ಅರ, ಬಾಟ್ಲಿಯ ಬೂಚು ಎಳೆಯುವ ತಿರುಪು, ಸಾಲದ್ದಕ್ಕೆ ಕುದುರೆಯ ಗೊರಸಿನಲ್ಲಿ ಸಿಕ್ಕ ಕಲ್ಲು ತೆಗೆಯುವ ಕೊಕ್ಕೆ. ನನಗೆ ಕುದುರೆ ಇಲ್ಲ. ನಾನು ಕುಡಿಯುವ ಚಹಾಕ್ಕೆ ಬೂಚೂ ಇಲ್ಲ. ಆದರೂ ಶಾಲೆ ಬಿಟ್ಟ ಕೂಡಲೇ ಧಾರವಾಡದಲ್ಲಿ ಮೋಟಾರು ಹತ್ತಿ ಹುಬ್ಬಳ್ಳಿಗೆ ಹೊರಟೆ. ಯಾಕೆ? ಅದಕ್ಕೊಂದು ಚರ್ಮದ ಚೀಲ ಹೊಲಿಸಲು!

ಪಕ್ಕದಲ್ಲಿ ಹತ್ತಿ ವ್ಯಾಪಾರದ ಸಾವಕಾರರೊಬ್ಬರು ಕೂತಿದ್ದರು. ತೋರಿಸದೆ ಇರಲಾದೀತೆ? ಕತ್ತರಿಯ ಹರಿತ ನೋಡಲೆಂದು ಅವರೆದುರೇ ಹತ್ತೂ ಉಗುರು ಬುಡದವರೆಗೆ ಕತ್ತರಿಸಿ, ಕತ್ತರಿ ಮಡಿಚಿ, ಚಾಕು ಕಿಸೆಗಿಟ್ಟೆ.

"ಶನಿವಾರ ಉಗರ ತಗೀಬಾರ್ದ್ರಿ, ಮಾಸ್ತರ," ಎಂದರು ಸಾವಕಾರರು.

"ಅವೆಲ್ಲಾ ಹಳೇ ಮಾತ್ರಿ," ಎಂದೆ. (ಸುಧಾರಕ!)

ಉಣಕಲ್ಲಿನಲ್ಲಿ ಎಂಜಿನ್ನು ಕಾದು ಮೋಟಾರು ನಿಂತಿತು. ನೀರು ಹಾಕುವವರೆಗೆ ಎಂದು ಎಲ್ಲರೂ ಇಳಿದೆವು. ಆಗಲೇ ಕೂಗು ಕೇಳಿಸಿತು.

ಕೆರೆಯ ಇಳಿಜಾರಿನಲ್ಲಿ ಬಂಡಿಯ ಎತ್ತೊಂದು ಕಾಲು ಜಾರಿ ಬಿದ್ದಿತ್ತು. ಕೊರಳ ಹಗ್ಗ ನೊಗಕ್ಕೆ ಸುತ್ತಿ ಬಿಗಿದಿತ್ತು. ನಾಲಿಗೆ ಹೊರಗೆ, ಕಣ್ಣು ಮೇಲೆ. ಬಂಡಿಯವನು ನೊಗಕ್ಕೆ ಹೆಗಲು ಕೊಟ್ಟು ನಿಂತಿದ್ದ. ಅವನು ಬಿಟ್ಟರೆ ಭಾರವೆಲ್ಲ ಎತ್ತಿನ ಕುತ್ತಿಗೆಗೆ ಬೀಳುತ್ತಿತ್ತು.

"ಯಾರ ಕಡೆರ ಚಾಕು ಐತೇನ್ರೀ? ಲಗೂ ಬರ್ರೀ ಯಪ್ಪಾ!"

"ಈ ಮಾಸ್ತರ ಕಡೆ ಐತಿ!" ಎಂದು ಸಾವಕಾರರು ನನ್ನನ್ನು ಮುಂದಕ್ಕೆ ತಳ್ಳಿದರು.

ಓಡಿದೆ. ಜರ್ಮನ್ ಚಾಕು ತೆಗೆದೆ. ಬ್ಲೇಡಿನ ಬೆನ್ನಿಗೆ ಒಂದು ಸಣ್ಣ ಗೀರು ಇರುತ್ತದಲ್ಲ, ಅದರಲ್ಲಿ ಉಗುರು ಸಿಕ್ಕಿಸಿ ಎಳೆಯಬೇಕು. ಎಲ್ಲಿಯ ಉಗುರು? ಸ್ಪ್ರಿಂಗ್ ಹೊಸದು, ಬಿಗಿ. ಬೆರಳು ಜಾರಿತು. ಹಲ್ಲು ಹಚ್ಚಿದೆ, ತುಟಿ ಹರಿಯಿತು. ಸಾವಕಾರರು ಕಸಿದುಕೊಂಡು ಗಡಿಬಿಡಿಯಲ್ಲಿ ಎಳೆದರು. ಹೊರಬಂದದ್ದು ಬೂಚಿನ ತಿರುಪು.

ಅಷ್ಟರಲ್ಲಿ ಹುಲ್ಲಿನ ಹೊರೆ ಹೊತ್ತ ಮುದುಕಿಯೊಬ್ಬಳು ದಾರಿಯಲ್ಲಿ ಬಂದಳು. ಹೊರೆ ಒಗೆದಳು, ಸೊಂಟದ ಕುಡುಗೋಲು ಹಿರಿದಳು. "ಸರೀರಿ ಅತ್ಲಾಗ!" ಎಂದದ್ದು ನನಗೆ. ಎರಡು ಎಳೆತ, ಹಗ್ಗ ಹರಿಯಿತು.

ಎತ್ತು ಉಳಿಯಿತು. ಬಂಡಿಯವನು ಮುದುಕಿಯ ಕಾಲು ಮುಟ್ಟಿದ. ಆಮೇಲೆ ನನ್ನ ಕಡೆ ತಿರುಗಿ ಕೈ ಮುಗಿದ. "ನೀವೂ ಭಾಳ ತ್ರಾಸ ತಗೊಂಡ್ರಿ, ಯಪ್ಪಾ."

ಆರು ದಿನದಿಂದ ಈ ಕತೆ ಹೇಳುತ್ತ ತಿರುಗುತ್ತಿದ್ದೇನೆ. ಶಾಲೆಯಲ್ಲಿ ಹೇಳಿದೆ, ಕ್ಷೌರದಂಗಡಿಯಲ್ಲಿ ಹೇಳಿದೆ, ಎದುರು ಮನೆಯ ಕಟ್ಟೆಯ ಮೇಲೆ ಹೇಳಿದೆ. ಉಗುರಿನ ಮಾತು ಬಂದಾಗ ಎಲ್ಲರೂ ಹೊಟ್ಟೆ ಹಿಡಿದು ನಗುತ್ತಾರೆ. ನಾನೂ ನಗುತ್ತೇನೆ. ಕೂಡಲೇ ಎದ್ದು ಇನ್ನೊಂದು ಕಡೆ ಹೋಗುತ್ತೇನೆ. ಕೂತಲ್ಲಿ ಕೂಡಲಾಗುವುದಿಲ್ಲ, ಉಂಡದ್ದು ಮೈಗೆ ಹತ್ತುವುದಿಲ್ಲ. ಈ ರವಿವಾರ ಚಾಕುಗಳ ಡಬ್ಬಿಯನ್ನೂ ತೆರೆಯಲಿಲ್ಲ.

ಇಲ್ಲಿಗೇ ಮುಗಿಸಬಹುದಿತ್ತು. ನೀವೂ ನಕ್ಕು ಪುಟ ತಿರುವುತ್ತಿದ್ದಿರಿ. ಆದರೆ ಒಂದು ಮಾತು ನಿಮ್ಮಿಂದಲೂ ಮುಚ್ಚಿಟ್ಟಿದ್ದೇನೆ.

ಅಂದು ಕೋಟಿನ ಒಳಕಿಸೆಯಲ್ಲಿ ಇನ್ನೊಂದು ಚಾಕು ಇತ್ತು. ಬಟನ್ ಚಾಕು. ಗುಂಡಿ ಒತ್ತಿದರೆ ಅಲಗು ತಾನೇ ಚಂಗನೆ ಹೊರಬರುತ್ತದೆ. ಹನ್ನೊಂದರಲ್ಲಿ ಅದೇ ಮೇಲು. ತಂದು ನಾಲ್ಕು ವರ್ಷವಾದರೂ ಅದರಿಂದ ಒಂದು ಲಿಂಬೆಹಣ್ಣು ಕೊಯ್ದಿಲ್ಲ.

ಮರೆತಿದ್ದೆನೆ? ಇಲ್ಲ. ಕೈ ಒಳಕಿಸೆಯವರೆಗೆ ಹೋಗಿತ್ತು. ಹಗ್ಗ ನೋಡಿದೆ. ದಪ್ಪ ಪುಂಡಿ ನಾರು, ಮೈತುಂಬ ಮರಳು. ಚಾಕುವಿನ ಬಾಯಿ ಹಾಳಾದೀತು ಎನಿಸಿತು. ಕೈ ಹಿಂದೆ ಬಂತು.

ಮುದುಕಿ ಬಾರದಿದ್ದರೆ ಎತ್ತು ನನ್ನ ಕಣ್ಣೆದುರೇ ಸಾಯುತ್ತಿತ್ತು. ಅಂಥವನಿಗೆ ಬಂಡಿಯವನು ಕೈ ಮುಗಿದ. ನನಗೆ ನನ್ನ ಮೇಲೇ ಹೇಸಿಗೆ ಬಂದಿದೆ.

ನಿನ್ನೆ ಹೆಂಡತಿ ಅಗಸನಿಗೆ ಹಾಕಲೆಂದು ಆ ಕೋಟು ಜಾಡಿಸಿದಳು. ಶನಿವಾರ ಬಿಚ್ಚಿ ಗೂಟಕ್ಕೆ ಹಾಕಿದ ಮೇಲೆ ನಾನದನ್ನು ಮುಟ್ಟಿರಲಿಲ್ಲ. ಒಳಕಿಸೆಯ ಚಾಕು ಅವಳ ಕೈಗೆ ಬಂತು. ಉಗುರಿನ ಕತೆಗೆ ಎಲ್ಲರಿಗಿಂತ ಮೊದಲು ನಕ್ಕವಳು ಅವಳೇ. ಈಗ ನಗಲಿಲ್ಲ. ಗುಂಡಿ ಒತ್ತಿದಳು, ಅಲಗು ಹೊರಬಂತು. ಕೈಯಿಂದ ಕೈಗೆ ಚಾಕು ಕೊಟ್ಟರೆ ಜಗಳವಾಗುತ್ತದೆಂದು ನಮ್ಮಲ್ಲಿ ನೆಲದ ಮೇಲಿಡುತ್ತಾರಲ್ಲ, ಹಾಗೆ ನನ್ನ ಮುಂದೆ ಇಟ್ಟು ಕೇಳಿದಳು:

"ಇದಕ್ಕೂ ಉಗರ ಬೇಕೇನ್ರಿ?"