ಸತ್ಯಪ್ಪನ ಹಾಜರಿ

ಚಿಕ್ಕೋಡಿಯ ತಾಲೂಕು ಕಚೇರಿಯಲ್ಲಿ ಬಾಳುವಿಗೆ ಕುರ್ಚಿ ಸಿಕ್ಕು ನಾಲ್ಕು ವರ್ಷವಾಗಿತ್ತು. ಕುರ್ಚಿಗೆ ಒಂದು ಕೈ ಇರಲಿಲ್ಲ. ಆದರೂ ಅದರಲ್ಲಿ ಕೂತು, ಎದುರು ನಿಂತವರಿಗೆ "ನಾಳಿ ಬರ್ರಿ" ಅನ್ನುವಾಗ ತಾನೇ ಸರಕಾರ ಅನ್ನಿಸುತ್ತಿತ್ತು. 1988ರ ಜನವರಿಯಲ್ಲಿ ಅಸಲು ಸರಕಾರ ಅವನಿಗೆ ಎಲ್.ಟಿ.ಸಿ. ಮಂಜೂರು ಮಾಡಿತು. ಹತ್ತು ದಿನ ರಜೆ, ತನಗೂ ಅಪ್ಪನಿಗೂ ರೈಲಿನ ಖರ್ಚು. ಬಾಳು ಗೋವಾ ಅಂತ ಅರ್ಜಿ ತುಂಬಿದ. ಮಿರಜಿಗೆ ಹೋಗಿ ಕಪ್ಪು ಚಸ್ಮಾ ತಂದ. ಚಸ್ಮಾ ಹಾಕಿಕೊಂಡು ಸಮುದ್ರದ ಮುಂದೆ ನಿಂತ ಫೋಟೊ ಒಂದು ಗೋಡೆಯ ಮೇಲಿದ್ದರೆ ಕನ್ಯೆ ಕೊಡುವವರು ತಾವಾಗಿ ಬರುತ್ತಾರೆಂದು ಅವನ ನಂಬಿಕೆ. ಅದೇ ಚಸ್ಮಾದಲ್ಲಿ ಬಸ್‌ಸ್ಟ್ಯಾಂಡಿನ ಕಂಬಕ್ಕೆ ಹಣೆ ಬಡಿಸಿಕೊಂಡದ್ದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಅಪ್ಪ ಸತ್ಯಪ್ಪ ಕರೋಶಿಯಲ್ಲಿ ಬುಟ್ಟಿ ಹೆಣೆಯುತ್ತಿದ್ದ. ಅವನ ಬುಟ್ಟಿಯಲ್ಲಿ ಕೂತು ಅಥಣಿಯ ದ್ರಾಕ್ಷಿ ಮುಂಬಯಿ ಕಂಡಿತ್ತು. ಅವನು ಬೆಳಗಾವಿಯನ್ನೂ ಕಂಡಿಲ್ಲವೆಂದೇ ಬಾಳು ತಿಳಿದಿದ್ದ. ಸಾಧು ಮನುಷ್ಯ. ಹೆಂಡತಿ ತೀರಿಕೊಂಡ ಮೇಲೆ ಮಾತು ಇನ್ನಷ್ಟು ಕಡಿಮೆ. ಒಂದೇ ಒಂದು ವಿಚಿತ್ರ ಚಾಳಿ: ಪರವೂರಿಗೆ ಹೋದರೆ ಮೊದಲು ಪೊಲೀಸ್ ಪಾಟೀಲರ ಮನೆ ಹುಡುಕಿ, ಕಟ್ಟೆಯ ಕೆಳಗೆ ನಿಂತು, "ಬಂದೀನ್ರಿ, ಸಂಜಿಗೆ ಹೊಳ್ಳಿ ಹೋಗ್ತೀನ್ರಿ" ಅಂತ ಹೇಳಿ ಬರುವನು. ಐಗಳಿ ಊರಿಗೆ ಲಗ್ನಕ್ಕೆ ಹೋದಾಗ ಪಾಟೀಲರು ಊಟಕ್ಕೆ ಕೂತಿದ್ದರಂತೆ. ಅವರು ಕೈ ತೊಳೆದು ಹೊರಗೆ ಬರುವವರೆಗೆ ಸತ್ಯಪ್ಪ ನಿಂತೇ ಇದ್ದ; ಇತ್ತ ಅಕ್ಕಿಕಾಳು ಬಿದ್ದು ಹೋಗಿತ್ತು. ಬಾಳು ಇದನ್ನು ಹಳೇ ಕಾಲದ ಮರ್ಯಾದೆ ಎಂದುಕೊಂಡಿದ್ದ. ನಾಲ್ಕು ಮಂದಿಯ ಎದುರು ನಾಚಿಕೆಯನ್ನೂ ಪಡುತ್ತಿದ್ದ.

ಚಿಕ್ಕೋಡಿ ರೋಡ ಸ್ಟೇಶನ್ನಿನಲ್ಲಿ ಗಾಡಿ ಹತ್ತುವಾಗ ಅಪ್ಪನ ಚೀಲ ಹೆಣಭಾರ ಇತ್ತು. ಗೋವಾಕ್ಕೆ ಇಷ್ಟೇಕೆ ಎಂದು ಕೇಳಬೇಕಿತ್ತು. ಬಾಳು ಚಸ್ಮಾ ಒರೆಸಿಕೊಳ್ಳುತ್ತಿದ್ದ.

ಲೋಂಡಾದಲ್ಲಿ ಗಾಡಿ ಬದಲಿಸಬೇಕು. ಅಲ್ಲಿಂದ ಒಂದು ಹಳಿ ಘಟ್ಟ ಇಳಿದು ಗೋವಾಕ್ಕೆ, ಇನ್ನೊಂದು ಹುಬ್ಬಳ್ಳಿಗೆ.

"ಯಪ್ಪಾ, ನಮ್ಮ ಗಾಡಿ ಆ ಕಡೆ ಐತಿ."

"ನಿಂದು ಆ ಕಡೆ. ನಂದು ಹುಬ್ಬಳ್ಳಿ ಗಾಡಿ."

"ಹುಬ್ಬಳ್ಯಾಗ ಏನೈತಿ? ಸಮುದ್ರ ಐತೇನು?"

"ತಾರಿನ ಬೇಲಿ ಐತಿ" ಅಂದ ಸತ್ಯಪ್ಪ. ಆಮೇಲೆ ಪ್ಲಾಟ್‌ಫಾರ್ಮಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಅರವತ್ತೊಂದು ವರ್ಷದ ಆ ಮುದುಕ ಇಷ್ಟು ದಿನ ಯಾರಿಗೂ ಹೇಳದ್ದನ್ನು ಹೇಳಿದ.

ಬ್ರಿಟಿಷರ ಕಾಲಕ್ಕೆ ಕೆಲವು ಜಾತಿಗಳನ್ನು ಹುಟ್ಟುಗಳ್ಳರೆಂದು ಪಟ್ಟಿ ಮಾಡಿ, ಸಂಸಾರ ಸಮೇತ ಮುಳ್ಳುತಂತಿಯೊಳಗೆ ಇಡುತ್ತಿದ್ದರು. ಅದಕ್ಕೆ ಸೆಟ್ಲಮೆಂಟ್ ಎಂದು ಹೆಸರು. ದಿನಾ ಮುಂಜಾನೆ, ಸಂಜೆ ಪುಸ್ತಕ ನೋಡಿ ಹೆಸರು ಕರೆಯುವರು, "ಹಾಜರ" ಅನ್ನಬೇಕು. ಪರವೂರಿಗೆ ಹೋದರೆ ಅಲ್ಲಿನ ಪೊಲೀಸ್ ಪಾಟೀಲರಿಗೂ ಹೇಳಬೇಕು. ಹುಬ್ಬಳ್ಳಿಯ ಸೆಟ್ಲಮೆಂಟಿನಲ್ಲೇ ಹುಟ್ಟಿದ ಸತ್ಯಪ್ಪ ಹದಿನೇಳನೇ ವಯಸ್ಸಿಗೆ, ಒಂದು ಸಂಜೆ ಹಾಜರಿಗೆ ಮೊದಲು, ತಂತಿ ಹಾರಿ ಓಡಿದ್ದ.

"ನನ್ನ ಹೆಸರಿನ ಮುಂದ ಫರಾರಿ ಅಂತ ಬರದಿರ್ತಾರ. ನಾ ಒಬ್ಬಾಂವ ಇದ್ದಾಗ ಚಿಂತಿ ಇರಲಿಲ್ಲ. ಈಗ ನಿನ್ನ ಹೆಸರೂ ಸರಕಾರದ ಪುಸ್ತಕದಾಗ ಬಂದೈತಿ. ಯಾವನರ ಒಂದಿನ ಎರಡೂ ಪುಸ್ತಕ ಕೂಡಿಸಿ ನೋಡಿದ್ರ ನಿನ್ನ ನೌಕರಿ ಉಳೀತೈತೇನ್ಲೇ? ನಾ ಹೋಗಿ ಒಳಗ ಕುಂದರ್ತೀನಿ. ನೀ ಗೋವಾ ನೋಡಿ ಬಾ."

ಬಾಳು ಚೀಲ ಬಿಚ್ಚಿದ. ಕಂಬಳಿ, ಎರಡು ಧೋತರ, ಒಂದು ತಾಟು, ತಿಂಗಳು ಸಾಲುವಷ್ಟು ನಿಪ್ಪಾಣಿ ತಂಬಾಕು. ಮೊದಲು ಅವನಿಗೆ ನಗು ಬಂತು. ಅದು ಅರ್ಧಕ್ಕೇ ನಿಂತಿತು.

"ಯಪ್ಪಾ, ಸ್ವಾತಂತ್ರ್ಯ ಬಂದ ಎರಡ ವರ್ಷಕ್ಕ ಆ ಕಾಯ್ದೆ ತಗದು ಹಾಕ್ಯಾರ. ನಮ್ಮ ಆಫೀಸಿನಾಗ ಸುತ್ತೋಲೆ ಐತಿ."

"ಯಾರಿಗೆ ಹೇಳ್ಯಾರ?"

"ಎಲ್ಲಾರಿಗೂ ಹೇಳ್ಯಾರ."

"ನನಗ ಹೇಳಿಲ್ಲ."

"ನಾ ಹೇಳಾಕತ್ತೀನಲ್ಲ!"

"ನೀನು? ರೇಶನ್ ಕಾರ್ಡಿನಾಗ ನನ್ನ ವಯಸ್ಸು ಹದಿನಾರು ಅಂತ ಬರಸಿದಾಂವ ನೀನ ಅಲ್ಲೇನು?"

ಸರಕಾರ ಚೀಲದ ಬಾಯಿ ಮತ್ತೆ ಕಟ್ಟಿತು. ಗೋವಾದ ಗಾಡಿ ಹೊರಟುಹೋಯಿತು.

ಆ ರಾತ್ರಿ ಹುಬ್ಬಳ್ಳಿ ಸ್ಟೇಶನ್ನಿನಲ್ಲೇ ಮಲಗಿ ಬೆಳಿಗ್ಗೆ ಟಾಂಗಾ ಮಾಡಿಕೊಂಡು ಹೋದರು. ಸೆಟ್ಲಮೆಂಟ್ ಎಂಬ ಹೆಸರು ಉಳಿದಿತ್ತು, ಬೇಲಿ ಉಳಿದಿರಲಿಲ್ಲ. ಸಾಲು ಮನೆ, ರೇಡಿಯೋ, ಕೋಳಿ, ಶಾಲೆಗೆ ಹೊರಟ ಹುಡುಗಿಯರು. ಎರಡು ಕಬ್ಬಿಣದ ಕಂಬಗಳ ನಡುವೆ ಉಳಿದ ಒಂದೆಳೆ ತಂತಿಯ ಮೇಲೆ ಯಾರೋ ಸೀರೆ ಒಣಹಾಕಿದ್ದರು. ಅದರ ಪಕ್ಕದಲ್ಲಿ ಸತ್ಯಪ್ಪ ಚಪ್ಪಲಿ ಬಿಟ್ಟು ನಿಂತುಬಿಟ್ಟ.

"ಬಾ ಯಪ್ಪಾ, ಬಾಗಲಾನ ಇಲ್ಲಲ್ಲ."

"ಬಾಗಲಾ ಇಲ್ಲಂದ್ರ ಕೇಳದ ಒಳಗ ಹೋಗೂದೇನು?"

ಬಾಳು ಒಬ್ಬನೇ ಒಳಗೆ ಹೋದ. ಹಾಜರಿ ಕರೆಯುತ್ತಿದ್ದ ಕೋಣೆ ಎಂದು ಅಪ್ಪ ಬೆರಳು ತೋರಿಸಿದ ಜಾಗದಲ್ಲಿ ಹಿಟ್ಟಿನ ಗಿರಣಿ ಗಡಗಡ ತಿರುಗುತ್ತಿತ್ತು. ಹುಬ್ಬಿನ ತನಕ ಹಿಟ್ಟು ಮೆತ್ತಿಕೊಂಡ ಗಿರಣಿಯವನು, "ಹಳೇ ಮಂದಿ ಅಂದ್ರ ಕೆಂಪವ್ವ ಒಬ್ಬಾಕೀ ಉಳಿದಾಳ್ರಿ" ಎಂದು ಎದುರು ಮನೆಯ ಮುದುಕಿಯನ್ನು ಕೂಗಿದ. ಕೆಂಪವ್ವ ಕೋಲೂರಿಕೊಂಡು ಬಾಳುವಿನ ಹಿಂದೆ ತಂತಿಯ ಕಡೆಗೆ ಬಂದಳು.

"ಯಾರಪಾ ಬಿಸಲಾಗ ನಿಂತಾಂವ?"

"ಸತ್ಯಪ್ಪರಿ. ನಾಕನೇ ಸಾಲಿನ ಸಾವಕ್ಕನ ಮಗ."

ಮುದುಕಿ ಹತ್ತಿರ ಬಂದು ಕಣ್ಣಿಗೆ ಕೈ ಅಡ್ಡ ಹಿಡಿದಳು. "ತಾರು ಹಾರಿದ ಸತ್ಯಾ ಏನ್ಲೇ? ನಿನ್ನ ಸಲವಾಗಿ ನಮಗೆಲ್ಲಾ ಹದಿನೈದ ದಿವಸ ಸಂತಿ ಬಂದ್ ಮಾಡಿದ್ರಲ್ಲೋ, ಮೂಳಾ! ಬಳಿ ಇಟಗೋಬೇಕಂತ ಕುಂತಿದ್ದೆ ನಾ."

"ತಪ್ಪಾತು ಯಕ್ಕಾ. ಆ ಪುಸ್ತಕ ಯಾರ ಕಡೆ ಐತಿ? ನನ್ನ ಹೆಸರು ಅದರಾಗ..."

"ನಿನ್ನ ಹೆಸರಿಗೆ ಆವತ್ತ ಗೀಟ ಹೊಡದ್ರಲ್ಲೋ. ಬೇಲಿ ತಗಿಯೂ ದಿನ ಸಾಹೇಬ ಬಂದು ಎಲ್ಲಾರ್ನೂ ಇಲ್ಲೇ ಕುಂದರ್ಸಿ ಕಡೇ ಹಾಜರಿ ಕರದ. 'ಹಾಜರ' ಅಂದಾವ್ರ ಹೆಸರಿಗೆ ಗೀಟ ಹೊಡದು, ಹೋಗ್ರಿ, ಇನ್ನ ನಿಮ್ಮನ್ನ ಯಾರೂ ಕೇಳೂದಿಲ್ಲ ಅಂತಿದ್ದ. ಹಂಗ ನಿನ್ನ ಹೆಸರೂ ಬಂತು. ನಿಮ್ಮವ್ವ ಎದ್ದ ನಿಂತು 'ಹಾಜರ' ಅಂದ್ಲು."

"ನಮ್ಮವ್ವನ?"

"ಹೂಂ. ಇದು ಗಂಡಸಿನ ಹೆಸರಲ್ಲೇನಬೇ ಅಂದ ಸಾಹೇಬ. 'ನನ್ನ ಹೊಟ್ಟ್ಯಾಗ ಹುಟ್ಟಿದ್ದರಿ, ಅವಗೂ ನಾನ ಹಾಜರ' ಅಂದ್ಲು. ಸಾಹೇಬ ಗೀಟ ಹೊಡದ."

ಬಾಳುವಿಗೆ ಹಗುರವಾಯಿತು. ಮುಗಿಯಿತಲ್ಲ! ಅಪ್ಪನ ಮುಖ ನೋಡಿದ. ಆ ಮುಖದಲ್ಲಿ ಏನೂ ಮುಗಿದಿರಲಿಲ್ಲ.

"ಆಮ್ಯಾಲ ಎಷ್ಟ ದಿನ ಇದ್ಲು?"

"ಆರ ವರ್ಷ. ಎಲ್ಲಾರೂ ಹೋದ್ರು, ಆಕಿ ಹೋಗಲಿಲ್ಲ. ನಾ ಜಾಗಾ ಬಿಟ್ರ ಸತ್ಯಾಗ ಮನಿ ಸಿಗೂದಿಲ್ಲ ಅಂತ ಸಾಯೂತನಕ ಹೇಳ್ತಿದ್ಲು."

ಆರು ವರ್ಷ. ಕರೋಶಿಯಿಂದ ಇಲ್ಲಿಗೆ ಒಂದು ಹಗಲಿನ ದಾರಿ. ಬೇಲಿ ಇರಲಿಲ್ಲ, ಹೆಸರಿಗೆ ಗೀಟು ಬಿದ್ದಾಗಿತ್ತು, ತಾಯಿ ಕಾದಿದ್ದಳು. ಸುದ್ದಿ ಮಾತ್ರ ಕರೋಶಿಗೆ ಮುಟ್ಟಿರಲಿಲ್ಲ. ಬಾಳು ಏನಾದರೂ ಹೇಳಬೇಕೆಂದು ಬಾಯಿ ತೆರೆದ. "ಸದರಿ ವಿಷಯದಲ್ಲಿ" ಎಂಬಲ್ಲಿಂದ ಶುರುವಾಗುವ ವಾಕ್ಯಗಳೇ ನಾಲಿಗೆಗೆ ಬಂದವು.

ಸತ್ಯಪ್ಪ ಮಣ್ಣಿನ ಮೇಲೆ ಕೂತ.

"ಯಕ್ಕಾ, ಜೋರಾಗಿ ಅಂದ್ಲೇನು, ಸಣ್ಣ ದನೀಲೆ ಅಂದ್ಲೇನು?"

"ಜೋರಾಗೇ ಅಂದ್ಲೋ. ಸಾಹೇಬ ತಲಿ ಎತ್ತಿ ನೋಡಿದ."

ಸತ್ಯಪ್ಪ ಕಿವಿಗೆ ಕೈ ಹಚ್ಚಿ ಮುಂದಕ್ಕೆ ಬಾಗಿದ. "ಇನ್ನೊಮ್ಮೆ ಹೇಳ ಯಕ್ಕಾ. ಮೊದಲಿಂದ."

ಕೆಂಪವ್ವ ಕೋಲು ಬದಿಗಿಟ್ಟು ಅವನೆದುರು ಕೂತಳು. ಬಾಳು ಗಿರಣಿಯ ಬಾಗಿಲಿಗೆ ಓಡಿದ.

"ಒಂದೀಟ ಮಷೀನ್ ಬಂದ್ ಮಾಡ್ರಿ" ಅಂದ. "ನಮ್ಮಪ್ಪಗ ಕೇಳಸವಲ್ದು."