ಹತ್ತು ಲೆಕ್ಕದ ಹಟ

ಗೀಟು ಮೇಷ್ಟ್ರು ಒಂದೆಡೆ ಕೂತ ಜೀವವಲ್ಲ. ಊಟದ ನಡುವೆಯೂ ಎದ್ದು ಕಿಟಕಿಯ ತನಕ ಹೋಗಿಬರುವವರು. "ಕಾಲಿಗೇನು ಚಕ್ರ ಕಟ್ಟಿಸ್ಕೊಂಡಿದೀರಾ?" ಎಂದು ಹೆಂಡತಿ ರೇಗುತ್ತಿದ್ದರು. ಆದರೆ ಗಣಿತದ ಹಾಳೆಯ ಮೇಲೆ ಮಾತ್ರ ಅವರಿಗೆ ಎಲ್ಲಿಲ್ಲದ ಶಿಸ್ತು. ಮಾರ್ಜಿನ್ನಿಗೆ ಗೀಟು, ಪ್ರತಿ ಲೆಕ್ಕದ ಕೆಳಗೆ ಗೀಟು, ಉತ್ತರದ ಸುತ್ತ ಚೌಕ. ಸ್ಕೇಲಿಲ್ಲದೆ ಎಳೆದರೆ ಒಂದು ಅಂಕ ಹೋಯಿತೆಂದೇ ಅರ್ಥ. ಮಕ್ಕಳು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ.

ಏಳನೆಯ ತರಗತಿಯಲ್ಲಿ ಅರ್ಧಕ್ಕರ್ಧ ಮಕ್ಕಳು ಪ್ರತಿ ಟೆಸ್ಟಿನಲ್ಲೂ ಕೊನೆಯ ಲೆಕ್ಕಗಳನ್ನು ಖಾಲಿ ಬಿಡುತ್ತಿದ್ದರು. ಹೆಡ್‌ಮೇಡಂ ಸ್ಟಾಫ್ ರೂಮಿನಲ್ಲೇ ಹೇಳಿಬಿಟ್ಟರು: "ಒಂದು ಟೆಸ್ಟಿಗೆ ಹತ್ತು ಲೆಕ್ಕ ಜಾಸ್ತಿ ಆಯ್ತು ಮೇಷ್ಟ್ರೇ. ಹೀಗೇ ಆದ್ರೆ ಏಳನೇ ಕ್ಲಾಸನ್ನ ಬೇರೆಯವರಿಗೆ ಕೊಡ್ತೀನಿ."

ಕೈಯಾರೆ ಬೆಳೆಸಿದ ತರಗತಿ. ಮೇಷ್ಟ್ರಿಗೆ ಅದು ಕೈತಪ್ಪುವ ಭಯ. ಬಾಯಿಗೆ ಬಂದದ್ದು ಮಾತ್ರ ಸಿಟ್ಟು.

"ಜಾಸ್ತಿನಾ? ನಾನು ಎಂಟೇ ನಿಮಿಷದಲ್ಲಿ ಮಾಡಿ ಮುಗಿಸ್ದೆ! ಅದರ ನಾಲ್ಕರಷ್ಟು ಹೊತ್ತು ಕೊಟ್ಟಿದೀನಿ. ಸೋಮಾರಿಗಳು ಮೇಡಂ!"

"ಓಡಾಡ್ತಾ ಮಾಡಿದ್ರೋ, ಕೂತ್ಕೊಂಡೋ?" ಎಂದು ವಿಜ್ಞಾನದ ಟೀಚರ್ ಕೆಣಕಿದರು.

"ನಾಳೆ ಮಕ್ಕಳ ಜೊತೆನೇ ಕೂತು ಬರೀತೀನಿ. ನೀವೇ ಬಂದು ಕಾವಲು ಕಾಯಿರಿ!"

ಮರುದಿನ ಕೊನೆಯ ಬೆಂಚಿನಲ್ಲಿ ಮಂಡಿ ಮಡಚಿ ಕೂತರು. ಪ್ರಶ್ನೆಗಳು ಅವರವೇ, ಉತ್ತರಗಳು ಬಾಯಿಪಾಠ. ಆದರೆ ಎಂಟು ನಿಮಿಷದಲ್ಲಿ ಮುಗಿಸಿದ್ದು ರದ್ದಿ ಕಾಗದದ ಬೆನ್ನಿನ ಮೇಲೆ ಗೀಚಿ. ಇಲ್ಲಿ ಮಾರ್ಜಿನ್ ಎಳೆಯಬೇಕು, ಪ್ರಶ್ನೆ ಪೂರ್ತಿ ಇಳಿಸಿಕೊಳ್ಳಬೇಕು, ಸ್ಕೇಲು ಜಾರಿದರೆ ಅಳಿಸಬೇಕು. ನಾಲ್ಕನೆಯ ಲೆಕ್ಕಕ್ಕೆ ಕತ್ತು ಬೆವರಿತು. ಗೀಟು ಹಾರಿಸಿ ಮುಂದಕ್ಕೋಡಿದರು.

ಪಕ್ಕದ ಹುಡುಗಿ ಪಿಸುಗುಟ್ಟಿದಳು: "ಸರ್, ಗೀಟು ಬಿಟ್ರಿ. ಒಂದು ಅಂಕ ಹೋಗುತ್ತೆ."

"ಗೊತ್ತಮ್ಮ! ನಿನ್ನ ಹಾಳೆ ನೋಡ್ಕೋ!"

ಗಂಟೆ ಹೊಡೆಯಿತು. ವಿಜ್ಞಾನದ ಟೀಚರ್ ಬಂದು ಹಾಳೆ ಎಳೆದರು.

"ಒಂದೇ ನಿಮಿಷ!"

"ಮಕ್ಕಳು ಹೀಗಂದ್ರೆ ನೀವು ಬಿಡ್ತಿದ್ರಾ?"

ಏಳು ಲೆಕ್ಕ ಆಗಿತ್ತು, ಮೂರು ಖಾಲಿ. ಮಕ್ಕಳದಂತೂ ಕೇಳುವುದೇ ಬೇಡ. ಮೇಷ್ಟ್ರು ಹಾಳೆಗಳ ಕಟ್ಟನ್ನು ಹೆಡ್‌ಮೇಡಂ ಮೇಜಿನ ಮೇಲೆ ಕುಕ್ಕಿದರು. "ತಗೊಳ್ಳಿ. ಮೇಲಿರೋದು ನಂದು. ಕ್ಲಾಸು ಯಾರಿಗೆ ಬೇಕಾದ್ರೂ ಕೊಡಿ."

ಮೇಡಂ ಹಾಳೆ ತಿರುವಿದರು. "ಕೊಟ್ರೆ ಬಂದವರೂ ಹೀಗೆ ಕೂತು ಬರೆದು ನೋಡದೆ ಹತ್ತೇ ಲೆಕ್ಕ ಕೊಡ್ತಾರೆ. ನೀವಾದ್ರೆ ಎಷ್ಟು ಕೊಡ್ತೀರಿ?"

ಮೇಷ್ಟ್ರು ಕೋಣೆಯನ್ನು ಅಡ್ಡಡ್ಡ ಅಳೆದರು. "ಏಳು."

"ಉತ್ತರ ಗೊತ್ತಿದ್ದವರಿಗೇ ಆಗಿದ್ದು ಏಳು."

"ಐದು! ಐದೇ ಸಾಕು! ಗೀಟು ಮಾರ್ಜಿನ್ನಿಗೆ ಮಾತ್ರ. ಸರಿನಾ?"

"ಹೋಗಿ ನಿಮ್ಮ ಕ್ಲಾಸಿಗೆ ಹೇಳಿ."

'ನಿಮ್ಮ' ಎಂದದ್ದು ಕಿವಿಗೆ ಬಿದ್ದದ್ದೇ ತಡ, ಮೇಷ್ಟ್ರು ಉದ್ದದ ಕಾರಿಡಾರನ್ನು ಓಡಿಯೇ ದಾಟಿದರು. "ಇವತ್ತಿನ ಟೆಸ್ಟು ರದ್ದು! ಇನ್ಮೇಲೆ ಐದೇ ಲೆಕ್ಕ!"

ತರಗತಿ ಹೋ ಎಂದಿತು. "ನೀವೂ ಮತ್ತೆ ಬರೀತೀರಾ ಸರ್? ನಾಳೆನೇನಾ?"

"ನಾಳೆ ಬೇಡ್ರೋ, ಮಂಡಿ ಇನ್ನೂ ನೋಯ್ತಿದೆ!"