ಮುಚ್ಚಳದ ಮೇಲಿನ ತುಳಸಿ

ಸವಣೂರಿಗೆ ಬಂದ ಮೇಲೆ ಏಳು ತಿಂಗಳು ನಾನು ತುಳಸವ್ವನಿಗೆ ದೀಪ ಹಚ್ಚಿದ್ದು ಸಂಡಾಸಿನ ಗುಂಡಿಯ ಮೇಲೆ. ಗೊತ್ತಿಲ್ಲದೆ ಮಾಡಿದ್ದು, ದೇವರು ಮನ್ನಿಸಿದ್ದಾನೆ ಎಂದುಕೊಂಡಿದ್ದೇನೆ. ಗೊತ್ತಾದ ದಿನ ಮಾತ್ರ ಎರಡು ಸಲ ಸ್ನಾನ ಮಾಡಿ, ಒಲೆಯ ಮುಂದೆ ಕುಳಿತು ಅತ್ತುಬಿಟ್ಟೆ.

ನನ್ನೂರು ಹಿರೇಕೆರೂರಿನ ಅಕ್ಕತಂಗಿಯರು ಓದಿ ನಕ್ಕರೂ ನಗಲಿ, ಬರೆಯುತ್ತೇನೆ. ನಮ್ಮಲ್ಲಿ ಸಂಡಾಸು ಹಿತ್ತಲಿನ ಕೊನೆಗೆ. ಅದಕ್ಕೆ ಎರಡು ಗುಂಡಿ. ಒಂದು ತುಂಬಿದರೆ ಇನ್ನೊಂದಕ್ಕೆ ತಿರುಗಿಸಿ, ತುಂಬಿದ್ದನ್ನು ವರ್ಷಗಟ್ಟಲೆ ಮರೆತು, ಮಣ್ಣಾದ ಮೇಲೆ ಹೊಲಕ್ಕೆ ಹಾಕುವುದು. ಇಲ್ಲಿ ಹಿತ್ತಲೇ ಇಲ್ಲ. ಅಡುಗೆಮನೆಯಿಂದ ಆರು ಹೆಜ್ಜೆಗೆ ಸಂಡಾಸು. ಅದರ ನೀರು ಎಲ್ಲಿಗೆ ಹೋಗುತ್ತದೆಂದು ನಾನು ಕೇಳಲೇ ಇಲ್ಲ. ಅಂಗಳದ ನಡುವೆ ಒಂದು ಸಿಮೆಂಟಿನ ಚೌಕವಿತ್ತು, ನೆಲಕ್ಕಿಂತ ಗೇಣು ಎತ್ತರ, ಬೆಳಗಿನ ಬಿಸಿಲು ಮೊದಲು ಬೀಳುವ ಜಾಗ. ಹಿಂದಿನ ಬಾಡಿಗೆಯವರು ತುಳಸಿಗೆಂದೇ ಕಟ್ಟಿಸಿರಬೇಕು ಎಂದುಕೊಂಡೆ. ಊರಿನ ಮಣ್ಣು ತುಂಬಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಕುಂಡವನ್ನು ಅದರ ಮೇಲಿಟ್ಟೆ.

ನಮ್ಮನೆಯವರಿಗೆ ಇಲ್ಲಿ ಟ್ರ್ಯಾಕ್ಟರ್ ರಿಪೇರಿ ಗ್ಯಾರೇಜಿನಲ್ಲಿ ಕೆಲಸ. ಬೆಳಗ್ಗೆ ಹೋದರೆ ಬರುವುದು ಸಂಜೆಗೇ. ಮೊದಲ ತಿಂಗಳು ಆ ತುಳಸಿಯೊಂದಿಗೇ ಮಾತಾಡಿದೆ. ಆಮೇಲೆ ಗೋಡೆಯಾಚೆಯ ಮೆಹಬೂಬ್‌ಬಿ ಹತ್ತಿರವಾದರು. ಅವರು ನಮ್ಮ ಬಾಡಿಗೆ ಮನೆಯ ಒಡತಿ, ಖಾರಾ ಕರಿದು ಅಂಗಡಿಗಳಿಗೆ ಕೊಡುವವರು. ಓಣಿಯೆಲ್ಲ ಅವರನ್ನು ಖಾಲಾ ಎನ್ನುತ್ತದೆ, ಎಂದರೆ ತಾಯಿಯ ಸೋದರಿ. ತೋಟದಿಂದ ವೀಳ್ಯದೆಲೆ ಬಂದಾಗಲೆಲ್ಲ ಒಂದು ಹಿಡಿ "ನಿಮ್ಮ ದೇವ್ರಿಗೆ" ಎಂದು ಗೋಡೆಯ ಮೇಲಿಂದ ಚಾಚುವರು. ಊರಲ್ಲಿ ಸಂತೆಯಿಂದ ತಂದ ಬಾಡಿದ ಎಲೆಯನ್ನೇ ಏರಿಸುತ್ತಿದ್ದೆ. ಇಲ್ಲಿ ನನ್ನ ದೇವರಿಗೆ ತೋಟದ ಎಲೆ. ಇದೂ ಒಂದು ಕೃಪೆಯೇ.

ಶುಚಿಯ ವಿಷಯದಲ್ಲಿ ನಾನು ಅವ್ವನ ಮಗಳು. ಪ್ರತಿ ಸೋಮವಾರ ಪೂಜೆಗೆ ಮೊದಲು ಸಂಡಾಸಿಗೆ ಒಂದು ಬಾಟಲಿ ಫಿನಾಯಿಲ್ ಪೂರ್ತಿ ಸುರಿಯುತ್ತಿದ್ದೆ. ಮೂಲೆಯ ಎತ್ತರದ ಪೈಪಿನ ವಾಸನೆ ತುಳಸಿಗೆ ತಾಗದಿರಲೆಂದು ಅದರ ಬಾಯಿಗೆ ತೆಂಗಿನ ಚಿಪ್ಪು ಕಟ್ಟಿಸಿದ್ದೆ.

ಶ್ರಾವಣದಲ್ಲಿ ನೀರು ಇಳಿಯುವುದು ನಿಂತಿತು. ಸಂಡಾಸು ಗುಳುಗುಳು ಎನ್ನತೊಡಗಿತು. ಖಾಲಾ ಬಂದು ನೋಡಿದರು.

"ಗುಂಡಿ ತುಂಬೇತಿ. ಮುಚ್ಚಳಾ ತಗೀಬೇಕು. ಆದ್ರ..."

"ಆದ್ರ ಏನ್ರಿ?"

"ನಿಮ್ಮ ದೇವ್ರು ಕುಂತದ್ದ ಅದರ ಮ್ಯಾಲ."

"ಅಯ್ಯ ಶಿವನ! ಏಳು ತಿಂಗಳು ಸುಮ್ಮನಿದ್ರೆಲ್ಲ ಖಾಲಾ!"

"ನೀವು ಬಂದ ಮರುದಿನಾನ ನೋಡಿದ್ನಿ. ದೇವ್ರನ್ನ ಎಬ್ಬಸ್ರಿ ಅಂತ ನಾ ಹೆಂಗ ಹೇಳ್ಲವ್ವಾ? ಹೋಗಿ ಹೋಗಿ ನಾ ಹೇಳೂದಾ?"

ಅವರ ಮುಖ ನೋಡಿ ನನಗೆ ಸಿಟ್ಟೂ ಬರಲಿಲ್ಲ.

ಮರುದಿನ ಖಾಲಾ ಕರೆಸಿದ, ಗುಂಡಿ ಬಳಿಯುವ ಯಲ್ಲಪ್ಪಣ್ಣ ಬಂದರು. ಐವತ್ತು ದಾಟಿದವರು, ಕೈಯಲ್ಲಿ ಬಕೆಟ್ಟು, ಹೆಗಲ ಮೇಲೆ ಹಗ್ಗ. ಕುಂಡವನ್ನು ನಾನೇ ಎತ್ತಿಟ್ಟೆ. ಅವರು ಹಾರೆ ಹಾಕಿ ಮುಚ್ಚಳ ಸರಿಸಿ ಒಳಗೆ ಇಣುಕಿದರು.

"ತಳಾ ಗಟ್ಟಿ ಆಗೇತ್ರಿ. ಐದು ಮಿನಿಟ್, ಇಳದು ಬರ್ತೇನಿ."

ಹಗ್ಗವನ್ನು ಸೊಂಟಕ್ಕೆ ಕಟ್ಟತೊಡಗಿದರು. ನನಗೆ ಅಜ್ಜಿಯ ಮಾತು ನೆನಪಾಯಿತು. ನಮ್ಮ ಅಜ್ಜಿಯ ಮನೆಯಲ್ಲಿ ಹಗೇವು ಇತ್ತು. ನೆಲದೊಳಗೆ ಜೋಳ ತುಂಬಿಡುವ ಆಳದ ಗುಂಡಿ. ಬಾಯಿ ತೆಗೆದ ಕೂಡಲೇ ಯಾರನ್ನೂ ಇಳಿಸುತ್ತಿರಲಿಲ್ಲ. ಒಂದು ದಿನ ತೆರೆದಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಬಿಡುವರು. ದೀಪ ಆರುವ ಕಡೆ ಮನುಷ್ಯನ ಉಸಿರೂ ಆರುತ್ತದೆ ಎನ್ನುತ್ತಿದ್ದಳು ಅಜ್ಜಿ.

"ತಡೀರಿ ಯಲ್ಲಪ್ಪಣ್ಣ! ಹಗೇವಿಗೆ ಬಿಟ್ಟಂಗ ಮೊದಲ ದೀಪಾ ಬಿಟ್ಟು ನೋಡೂಣು" ಎಂದು ಓಡಿಹೋಗಿ ತುಳಸಿಯ ದೀಪ ಹಚ್ಚಿಕೊಂಡು ಬಂದೆ.

"ಅಕ್ಕಾರ! ಅಲ್ಲೇ ನಿಂದರ್ರಿ!"

ಯಲ್ಲಪ್ಪಣ್ಣನ ಆ ಕೂಗಿಗೆ ಖಾಲಾ ಎಣ್ಣೆ ಸೋರುವ ಝಾರಾ ಸೌಟು ಹಿಡಿದೇ ಓಡಿಬಂದರು.

"ಆರಸ್ರಿ ಅದನ್ನ! ಇದು ಜ್ವಾಳದ ಹಗೇವಲ್ಲ. ಇದರ ಗ್ಯಾಸು ಭಪ್ ಅಂತ ಹತ್ತಿಕೊಳ್ಳತೈತಿ. ನೀವೂ ಇರೂದಿಲ್ಲ, ನಾನೂ ಇರೂದಿಲ್ಲ" ಎಂದರು ಯಲ್ಲಪ್ಪಣ್ಣ.

ದೇವರ ದೀಪವನ್ನು ಬಾಯಿಂದ ಊದಿ ಆರಿಸಬಾರದು ಎಂದು ಅವ್ವ ಕಲಿಸಿದ್ದಳು. ಅಂದು ಊದಿದೆ. ದೀಪವನ್ನು ಕೆಳಗಿಟ್ಟ ಮೇಲೆ ಸಿಟ್ಟು ಬಂತು.

"ಇಷ್ಟೆಲ್ಲಾ ಗೊತ್ತಿದ್ದೂ ಅದರಾಗ ಇಳೀತೀರೇನ್ರಿ ನೀವು?"

ಯಲ್ಲಪ್ಪಣ್ಣ ಹಗ್ಗದ ಗಂಟನ್ನು ತಡವುತ್ತ ನಿಂತರು. "ಇಲ್ಲೀತನಕಾ ಬ್ಯಾಡ ಅಂದವ್ರು ಯಾರೂ ಇದ್ದಿಲ್ರಿ" ಎಂದರು.

"ಈಗ ನಾ ಅಂದೇನಿ. ಹಗ್ಗಾ ಬಿಚ್ರಿ."

"ನಮ್ಮ ಓಣ್ಯಾಗ ಹೊಲಸು ಎಳಿಯೂ ಗಾಡಿ ಹಿಡಿಯೂದಿಲ್ಲವ್ವಾ" ಎಂದು ಖಾಲಾ ಗೊಣಗಿದರು.

"ಪೈಪು ಹಿಡೀತೈತೆಲ್ಲ ಖಾಲಾ?"

ಯಲ್ಲಪ್ಪಣ್ಣನೇ ಮುಚ್ಚಳ ಹಾಕಿ, ಹೋಗಿ ಹೊಲಸು ಹೀರುವ ಗಾಡಿಗೆ ಹೇಳಿಬಂದರು. ಮರುದಿನ ಅದು ಓಣಿಯ ಬಾಯಲ್ಲೇ ನಿಂತಿತು. ಮೇಲಿನಿಂದಲೇ ನೀರು ಬಿಟ್ಟು ತಳ ಕದಡಿಸಿ, ಉದ್ದನೆಯ ಪೈಪಿನಿಂದ ಎಲ್ಲವನ್ನೂ ಎಳೆದುಕೊಂಡಿತು. ಗುಂಡಿಯೊಳಗೆ ಯಾರೂ ಕಾಲಿಡಲಿಲ್ಲ. ಈ ಊರಿಗೆ ಬಂದ ಮೇಲೆ ನಾನು ಎಣಿಸಿಟ್ಟುಕೊಂಡ ಕೃಪೆಗಳಲ್ಲಿ ಇದು ಎಲ್ಲಕ್ಕಿಂತ ದೊಡ್ಡದು.

ಅಂದು ಚಹಾ ಕುಡಿಯುತ್ತ ಯಲ್ಲಪ್ಪಣ್ಣ ನನಗೆ ಪಾಠ ಹೇಳಿದರು. "ಒಳಗ ಹೊಲಸು ತಿನ್ನೂ ಸಣ್ಣ ಜೀವ ಇರ್ತಾವ್ರಿ ಅಕ್ಕಾರ. ನೀವು ಸ್ವಾಮಾರಕ್ಕೊಮ್ಮೆ ಅವಕ್ಕ ಫಿನಾಯಿಲ್ ಅನ್ನೂ ಇಷಾ ಹಾಕೀರಿ. ಬ್ರಶ್ಶು, ನೀರು ಸಾಕು." ಗ್ಯಾಸು ಹೊರಗೆ ಹೋಗಲು ಆ ಪೈಪೇ ದಾರಿಯಂತೆ. ಚಿಪ್ಪು ಬಿಚ್ಚಿ, ಸೊಳ್ಳೆ ಹೋಗದಂತೆ ಜಾಲರಿ ಕಟ್ಟಿದರು. ಉಕ್ಕುವ ತನಕ ಕಾಯದೆ ಎರಡು ಮೂರು ವರ್ಷಕ್ಕೊಮ್ಮೆ ಗಾಡಿ ಕರೆಸಬೇಕು. ಬಟ್ಟೆ, ಪ್ಯಾಡು, ಕರಿದ ಎಣ್ಣೆ ಹಾಕಲೇಬಾರದು. ಎರಡೂ ಮನೆಗೆ ಒಂದೇ ಗುಂಡಿ. ಎಣ್ಣೆ ಎಂದ ಕೂಡಲೇ ಖಾಲಾ ಆಕಾಶ ನೋಡತೊಡಗಿದರು.

ತುಳಸಿಗೆ ಜಾಗ ಹುಡುಕಿದ್ದೂ ಖಾಲಾನೇ. ತಮ್ಮ ಬಾಗಿಲ ಪಕ್ಕ ಖಾರಾದ ಡಬ್ಬಿ ಇಡುತ್ತಿದ್ದ ಕಟ್ಟೆಯನ್ನು ತೊಳೆದು ಬಿಟ್ಟುಕೊಟ್ಟರು. ಈಗ ಊರಿನ ಮಣ್ಣಿನಲ್ಲಿ ನಿಂತ ತುಳಸಿ ಖಾಲಾನ ಕಟ್ಟೆಯ ಮೇಲಿದೆ. ಊರಿಗೆ ಹೋದಾಗ ಅವ್ವನ ಫಿನಾಯಿಲ್ ಬಾಟಲಿ ಬಚ್ಚಿಟ್ಟು ಬೈಸಿಕೊಳ್ಳುತ್ತೇನೆ. "ಸವಣೂರವಳಾದಿ ಬಿಡು" ಎನ್ನುತ್ತಾಳೆ. ಇಲ್ಲಿ ಇನ್ನೂ ನನ್ನನ್ನು ಹಿರೇಕೆರೂರವ್ವ ಎಂದೇ ಕರೆಯುತ್ತಾರೆ.

ಸಂಜೆ ಮಸೀದಿಯಿಂದ ಆಜಾನ್ ಕೇಳುವ ಹೊತ್ತಿಗೆ ಅವ್ವನ ಫೋನು ಬರುತ್ತದೆ. "ದೀಪಾ ಹಚ್ಚಿದೇನ?" ಎನ್ನುತ್ತಾಳೆ ಅವಳು. ಒಳಗಿನಿಂದ ಖಾಲಾ ನಗುತ್ತ ಕೂಗುತ್ತಾರೆ: "ದೀಪಾ ಎಲ್ಲಿ ಹಚ್ಚೀರಿ? ಗುಂಡಿ ಮ್ಯಾಲ ಅಲ್ಲಲ್ಲ?" ಇಬ್ಬರಿಗೂ ಉತ್ತರ ಕೊಡದೆ ನಾನು ಹೊಸ್ತಿಲು ದಾಟುವುದಿಲ್ಲ.